ಮಡಿ ನೋಟು

ಹಾಸನದ ಬಿ.ಎಂ. ರಸ್ತೆಯಲ್ಲಿ, ಕನ್ನಡಕದಂಗಡಿಯ ಮಹಡಿ ಮೇಲೆ
ದುಡ್ಡು ಮಾರುತ್ತಾರೆ.
ಇಪ್ಪತ್ತಾರು ವರ್ಷ ಆಲೂಗಡ್ಡೆ ಮಂಡಿಯ ಲೆಕ್ಕ ಬರೆದವಳು ನಾನು;
ದುಡ್ಡು ಕೊಟ್ಟು ದುಡ್ಡನ್ನೇ ಕೊಳ್ಳುವುದು
ಇದೇ ಮೊದಲು.

ಗೋಡೆಯ ಮೇಲೆ ಕೆಂಪಕ್ಷರ ಓಡುತ್ತಿತ್ತು.
ಒಂದೇ ಡಾಲರಿಗೆ ಎರಡು ಬೆಲೆ:
ಅವರು ಕೊಂಡರೊಂದು, ಅವರು ಕೊಟ್ಟರೊಂದು.
ನಗು ಬಂತು. ಇದು ನನಗೆ ಬಾಯಿಪಾಠ.
ಬೆಳಗಿನ ಆರಕ್ಕೆ ಅರಕಲಗೂಡಿನ ಗಾಡಿಯಿಂದ ಇಳಿದಾಗೊಂದು ದರ,
ಅದೇ ಗಡ್ಡೆ ಒಂಬತ್ತಕ್ಕೆ ಲಾರಿ ಹತ್ತುವಾಗ ಇನ್ನೊಂದು.
ನಡುವಿನದು ಯಾರದು ಅಂತ ಯಾರೂ ಕೇಳುವುದಿಲ್ಲ.
ಅದರಲ್ಲೇ ಒಂದು ಚೂರು
ನನ್ನ ಸಂಬಳ.

"ಮೂವತ್ತು ಪೈಸೆ ಇಳಿಸಪ್ಪ" ಅಂದೆ.
ಗಾಜಿನಾಚೆಯ ಹುಡುಗ, ಎದೆಯ ಪಟ್ಟಿಯಲ್ಲಿ ತೀರ್ಥೇಶ್,
ತಲೆಯೆತ್ತಿದ. "ಅಮ್ಮ, ಇಲ್ಲಿ ಚೌಕಾಸಿ ಇಲ್ಲ."
"ಮಾರೋದು ಅಂದಮೇಲೆ ಇದ್ದೇ ಇರುತ್ತೆ ಕಣಪ್ಪ."
ಒಳಗೆ ಹೋಗಿ ಯಾರನ್ನೋ ಕೇಳಿ ಬಂದ.
ಹದಿನೈದು ಪೈಸೆ ಇಳಿಯಿತು.
ಮುನ್ನೂರು ಡಾಲರಿಗೆ ನಲವತ್ತೈದು ರೂಪಾಯಿ.
ಎರಡು ಬೈಟೂ ಕಾಫಿ ಆದೀತು, ನಾಲ್ವರಿಗೆ.

ನಾಲ್ವರೆಂದರೆ
ಗೋಣಿ ಹೊಲಿಯುವ ಮುಬೀನಾ, ಗಡ್ಡೆ ಆರಿಸುವ ಸಣ್ಣಮ್ಮ,
ಟೀ ಕೊಡುವ ಫಿಲೋಮಿನಾ, ನಾನು.
ಏಳು ವರ್ಷದ ಚೀಟಿ.
ಸಣ್ಣಮ್ಮನ ಸೊಸೆಯ ಬಾಣಂತನಕ್ಕೆ ಒಮ್ಮೆ ಮುರಿದು
ಮತ್ತೆ ಕೂಡಿದ್ದು.

ಹೋಗುವುದು ವಿಯೆಟ್ನಾಮಿಗೆ. ಅಲ್ಲಿಯ ದುಡ್ಡೇ ಕೊಡು ಅಂದರೆ
ಅದು ಇಲ್ಲಿ ಸಿಗುವುದಿಲ್ಲವಂತೆ.
ರೂಪಾಯಿಯನ್ನು ಡಾಲರು ಮಾಡಿ, ಡಾಲರನ್ನು ಅಲ್ಲಿ ಡಾಂಗು ಮಾಡಬೇಕಂತೆ.
ನೂರಕ್ಕೆ ಇಪ್ಪತ್ತೈದು ಲಕ್ಷದ ಮೇಲೆ!
"ಅಲ್ಲಿ ನೀವು ಲಕ್ಷಾಧೀಶ್ವರಿ" ಎಂದ ತೀರ್ಥೇಶ್.
"ಒಂದು ಎಳನೀರಿಗೆ ಎಷ್ಟಪ್ಪ ಅಲ್ಲಿ?"
ಫೋನು ನೋಡಿ ಹೇಳಿದ: "ಇಪ್ಪತ್ತೈದು ಸಾವಿರ."
ಸರಿಹೋಯಿತು.
ಸೊನ್ನೆ ಅವರದು, ಬಾಯಾರಿಕೆ ಮಾತ್ರ ನಮ್ಮದೇ.

ಆಮೇಲೊಂದು ಅರ್ಜಿ.
ಪ್ರಯಾಣದ ಉದ್ದೇಶ?
ಪೆನ್ನು ಅಲ್ಲೇ ನಿಂತಿತು.
ಮೈಸೂರಿಗೆ ಹೋದದ್ದು ಅಪ್ಪನ ಕಣ್ಣಿನ ಪೊರೆಗೆ.
ಅರಸೀಕೆರೆಗೆ, ತಂಗಿಗೆ ಗಂಡು ನೋಡಲು;
ಅದೇ ಅರಸೀಕೆರೆಗೆ, ಆ ಗಂಡಿನ ಮಣ್ಣಿಗೆ.
ಜಲಂಧರಿಗೂ ಹೋಗಿದ್ದೆ ಒಮ್ಮೆ, ಬಿತ್ತನೆ ಗಡ್ಡೆ ಕೊಳೆತು ಬಂದ ವರ್ಷ
ಸಾಹುಕಾರರ ಮನೆಯವರ ಜೊತೆ, ಲೆಕ್ಕದ ಪುಸ್ತಕ ಹೊತ್ತು.
ಪಂಜಾಬಿನಲ್ಲಿ ನಾನು ಕಂಡದ್ದು
ಗೋಣಿಚೀಲ.

"ಯಾಕೆ ಹೋಗ್ತಿದೀರಿ ಅಮ್ಮ?"
"ಸುಮ್ಮನೆ."
"ಹಾಗಂತ ಕಾಲಂ ಇಲ್ಲ. ವಿಹಾರ ಅಂತಿದೆ ನೋಡಿ, ಗುರುತು ಹಾಕಿ."
ವಿಹಾರ!
ರಾಜರು ಮಾಡುತ್ತಿದ್ದುದು ಅದು, ರಾಣಿಯರ ಜೊತೆ, ತಾವರೆ ಕೊಳದಲ್ಲಿ.
ಗುರುತು ಹಾಕಿದೆ.
ಪಕ್ಕದ ಖಾಲಿಯಲ್ಲಿ, ಕೇಳದಿದ್ದರೂ, ಮಂಡಿಯ ದುಂಡಕ್ಷರದಲ್ಲಿ
ಸುಮ್ಮನೆ ಅಂತಲೂ ಬರೆದೆ.

ನಮ್ಮ ನೋಟುಗಳನ್ನು ಎಣಿಸುವ ಯಂತ್ರ
ಎರಡು ಸಲ ಕೆಮ್ಮಿ ನಿಂತಿತು.
ಮಣ್ಣು.
ಅವನು ಕೊಟ್ಟವು ಗರಿಗರಿ, ಈಗಷ್ಟೇ ಗಂಜಿ ಹಾಕಿದ ಹಾಗೆ.
"ಮಡಿಸಬೇಡಿ. ಗೆರೆ ಬಿದ್ದರೆ ಅಲ್ಲಿ ತಗೊಳ್ಳೋದು ಕಷ್ಟ."
ಎಂಟು ಮಡಿಕೆ ಮಾಡಿ ಸೆರಗಿಗೆ ಗಂಟು ಹಾಕುವ ಕೈಗೆ
ಹೇಳುವ ಮಾತೇ?
ಮಡಿಸಬಾರದ್ದು ಎಂದರೆ ಮಡಿ.
ಅಗ್ರಹಾರದಜ್ಜಿಯ ಸೀರೆಯ ಹಾಗೆ
ಕೋಲಿನಲ್ಲಿ ಎತ್ತಿಡಬೇಕಾದ್ದು.

ಮಂಡಿಯಲ್ಲಿ ಬಾಕಿ ಪುಸ್ತಕ ತೆರೆದು
ವಸೂಲಾಗದ ಹೆಸರುಗಳ ನಡುವೆ ಮೂರನ್ನೂ ಮಲಗಿಸಿದೆ.
ಫಿಲೋಮಿನಾ ಮೂಸಿ ನೋಡಿ, ವಾಸನೆಯೇ ಇಲ್ಲವಲ್ಲ ಅಂದಳು.
ಮುಬೀನಾ ನೀರಿನ ಗುರುತು ಹುಡುಕಿದಳು, ಬೆಳಕಿಗೆ ಹಿಡಿದು.
ಸಣ್ಣಮ್ಮ ಎರಡೂ ಕೈ ಸೀರೆಗೆ ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು,
ಮುಟ್ಟಲಿಲ್ಲ.
"ನೀನೇ ಹಿಡಿ, ನೋಡ್ತೀನಿ."

ಬಹಳ ಹೊತ್ತು ನೋಡಿದಳು
ಮುಂದೆ ಬೋಳು, ಹಿಂದೆ ಜೋಲುಗೂದಲು ಬಿಟ್ಟ ಆ ಮನುಷ್ಯನನ್ನು.
"ಯಾರೇ ಈಯಪ್ಪ?"
ನನಗೇನು ಗೊತ್ತು.
"ನಮ್ ಸಾವ್ಕಾರ ಇದ್ದಂಗವ್ನೆ ನೋಡು,
ಕೂಲಿ ಜಾಸ್ತಿ ಮಾಡಿ ಅಂದಾಗ
ಹಿಂಗೇ ತುಟಿ ಬಿಗೀತಾನೆ."