ಇರುವುದೆಂದೇ ಎಣಿಸತಕ್ಕದ್ದು

ನೀರಿಗೆ ಮೀಟರಿದೆ, ಮನೆಗೆ ಚದರಡಿ.
ಅಂಗಡಿಗೆ ಲೈಸೆನ್ಸು, ಸಂತೆಯ ಹಸಿಮೀನಿಗೂ
ಬುಟ್ಟಿಗಿಷ್ಟು ಅಂತ ಸುಂಕ.
ಹದಿನಾರು ವರ್ಷ ಸುಂಟಿಕೊಪ್ಪದ ಬೀದಿಗಳಲ್ಲಿ
ರಸೀದಿ ಹರಿದ ಕೈ ಇದು, ಲೆಕ್ಕ ತಪ್ಪಿದ್ದಿಲ್ಲ.
ಈ ವರ್ಷ ಪಂಚಾಯಿತಿ ಹೊಸ ಪುಸ್ತಕ ಕೊಟ್ಟಿದೆ,
ತಿಳಿಹಸಿರು ರಟ್ಟು: ಆರೈಕೆ ಶುಲ್ಕ.
ಮಲಗಿದ ಮೈಯನ್ನು ಮಗ್ಗುಲಾಗಿಸಿ
ಬೆನ್ನಿಗೆ ಪೌಡರು ಹಾಕಿ, ಗಂಜಿ ಕುಡಿಸಿ ಬರುವುದಕ್ಕೆ
ಗಂಟೆಗೆ ಎಷ್ಟೆಂದು ನಾನು ಹೇಳಬೇಕು.
ಚೀಲದಲ್ಲಿ ಅಳತೆಯ ಟೇಪು ಇದ್ದೇ ಇದೆ, ಅಭ್ಯಾಸಬಲ.

ಕೆಳಗಿನ ಓಣಿಯ ಕೊನೆಗೆ ಬೆಳ್ಯಪ್ಪನ ಮನೆ.
ಅಂಗಳದಲ್ಲಿ ಎರಡು ಚಾಪೆ ಕಾಫಿ, ಒಂದು ಕೋಳಿ.
ಪುಷ್ಪಾವತಿ ಸ್ಟೂಲು ತಂದು ಸೆರಗಲ್ಲಿ ಒರೆಸಿದಳು.
ನಮೂನೆ ಓದಿದೆ.
ಮಾಸಾಶನ? ಸಾವಿರದ ನಾನ್ನೂರು.
(ಬರುವುದು ಪೋಸ್ಟಿನವನ ಚೀಲದಲ್ಲಿ,
ಹೋಗುವುದು ನನ್ನದರಲ್ಲಿ.)
ದುಡಿಯುವ ಕೈಗಳು?
"ಎರಡಿವೆ ಸಾರ್. ಎರಡೂ ಅವರ ಮೈಮೇಲೇ ಇರ್ತವೆ."
ಅಷ್ಟು ಹಿಡಿಸುವ ಚೌಕವಿರಲಿಲ್ಲ.
ಎರಡು, ಎಂದು ಬರೆದೆ.

ಜಮೀನು ಮೂವತ್ತು ಸೆಂಟು. ಸಿಲ್ವರ್ ಮರ ಹದಿನೆಂಟು.
ಒಳ್ಳೆಮೆಣಸಿನ ಬಳ್ಳಿ ಮರಕ್ಕೊಂದು.
ಒಣಗಿದ ಮೇಲೆ ಬಳ್ಳಿಗೆ ಎರಡು ಕಿಲೊ ಹಿಡಿದರೆ,
ಹಿಡಿದೆ, ಬಾಯಲ್ಲೇ ಗುಣಿಸಿದೆ,
ಉಚಿತದ ಗೆರೆ ದಾಟಿಹೋಗಿತ್ತು ಸಂಸಾರ
ಒಂದೇ ಒಂದು ಬಳ್ಳಿಯಷ್ಟು.

"ಆ ಕೊನೇದು ನೋಡಿ. ಅದರಿಂದಲೇ ಬಿದ್ದದ್ದು,
ಏಣಿ ಜಾರಿ, ಸೊಂಟದ ಚೀಲ ಸಮೇತ.
ಜೀಪು ಮಡಿಕೇರಿಗೆ ಹೋದ ಮೇಲೆ
ಹುಲ್ಲಿಂದ ಮೆಣಸು ಹೆಕ್ಕಿದವಳು ನಾನೇ.
ಅದೊಂದನ್ನ ಕೊಯ್ಯಿಸೋದಿಲ್ಲ, ಹಕ್ಕಿ ತಿನ್ಲಿ.
ಕಡಿದುಬಿಟ್ರೆ, ಸಾರ್? ಆಗ ಕಡಿಮೆಯಾಗ್ತದಾ?"

ಸುತ್ತೋಲೆ ತೆಗೆದೆ. ಪುಟ ನಾಲ್ಕು.
ಶುಲ್ಕ ತಪ್ಪಿಸಲು ಬೇಕೆಂದೇ ಕಳೆದ ಆಸ್ತಿಯನ್ನು
ಇರುವುದೆಂದೇ ಎಣಿಸತಕ್ಕದ್ದು.
ಕೋಳಿ ಚಾಪೆ ಹತ್ತಿ ಕಾಫಿ ಕೆದಕುತ್ತಿತ್ತು.
ಇಬ್ಬರೂ ಓಡಿಸಲಿಲ್ಲ.

ಒಳಗಿಂದ ಬೆಳ್ಯಪ್ಪ ಕರೆದ.
ಗಡ್ಡ ನುಣುಪಾಗಿತ್ತು, ಸಫೂರಾ ಬಂದುಹೋದ ದಿನ.
"ಎಷ್ಟಾಯಿತು?"
ವಾರಕ್ಕೆ ಮೂರು ಗಂಟೆ, ಗಂಟೆಗೆ ನಲವತ್ತೈದು,
ತಿಂಗಳಿಗೆ ಐನೂರ ನಲವತ್ತು, ಎಂದೆ ನೆಲ ನೋಡುತ್ತ.
"ಯಾರ ಹೆಸರಿಗೆ?"
ನಿಮ್ಮದೇ.
"ಓದಿ."
ಶ್ರೀ ಬೆಳ್ಯಪ್ಪ, ಬಿನ್ ದಿವಂಗತ ಕುಂಞಪ್ಪ, ಮೂರನೇ ವಾರ್ಡು.
"ಇನ್ನೊಂದು ಸಲ."
ಆರು ವರ್ಷದಿಂದ ಈ ಮನೆಗೆ ಬಂದ ಕಾಗದವೆಲ್ಲ
ಪುಷ್ಪಾವತಿಗೆ, ಇಲ್ಲವೇ ಫಲಾನುಭವಿಗೆ.

ದಿಂಬಿನಡಿಯ ನೂರರ ನೋಟಿಗಾಗಿ
ಅವನ ಬೆರಳುಗಳು ಬಹಳ ಹೊತ್ತು ತಡಕಾಡಿದವು.
ನಾನು ಬಗ್ಗಲಿಲ್ಲ. ಬಗ್ಗಬಾರದೆಂದು
ಹೇಗೋ ಗೊತ್ತಾಯಿತು.
"ಇವತ್ತಿಗೆ ಇಷ್ಟು. ಉಳಿದದ್ದಕ್ಕೆ ಜಗಳ ಆಡ್ತೇನೆ,
ಅರ್ಜಿ ಬರೀರಿ. ಅದಕ್ಕೂ ನನ್ನ ಹೆಸರೇ ಹಾಕಿ."
ಸ್ಟೂಲಿನ ಮೇಲೆ ಕೂತು ಅವನು ಹೇಳಿದ್ದನ್ನು ಬರೆದೆ,
ನನ್ನ ಕಚೇರಿಗೆ, ನನ್ನ ಲೆಕ್ಕದ ಮೇಲೆ,
ನನ್ನದೇ ಅಕ್ಷರದಲ್ಲಿ ತಕರಾರು.

ತಿರುವಿನಲ್ಲಿ ಸಫೂರಾ ಸಿಕ್ಕಳು,
ಇನ್ನೊಂದು ಮನೆಗೆ ಹೊರಟವಳು.
ಅವಳ ಹಾಜರಿ ಪುಸ್ತಕಕ್ಕೆ ಸಹಿ ಹಾಕುತ್ತ ಕೇಳಿದೆ,
ಒಂದು ಗಂಟೆ ಅಂತಿದೆ,
ಪುಷ್ಪಾವತಿ ಒಂದೂಕಾಲು ಅಂದರಲ್ಲ?
"ಉಗುರು ತೆಗೆದೆ ಅಣ್ಣ," ಎಂದಳು,
"ಅದನ್ನ ಎಲ್ಲಿ ಬರೆಯೋದು?"