ಆರು ಮೊಟ್ಟೆ

ಪ್ರತಿ ಅಕ್ಟೋಬರಿನಲ್ಲಿ ಬರುತ್ತೇನೆ, ಮೊಟ್ಟೆ ಕೇಳಲು.
ಯೋಲಾನಾ ಒಂದೊಂದರ ಮೇಲೂ ಪೆನ್ಸಿಲಿನಿಂದ
ಇಟ್ಟ ಕೋಳಿಯ ಹೆಸರು ಬರೆದಿರುತ್ತಾಳೆ:
ಬೂದಿ, ಕುಂಟಿ, ಪಾದ್ರಿಯ ಹೆಂಡತಿ.
ನನ್ನ ಫಾರಮಿನಲ್ಲಿ ಹೆಸರಿಗೆ ಜಾಗವಿಲ್ಲ.
ಮಾದರಿ ಒಂದು, ಮಾದರಿ ಎರಡು.

ಬೇಲಿಯಾಚೆ ಕಾರ್ಖಾನೆ ಇತ್ತು. ಚಿಮಣಿ ಕೆಡವಿದರು,
ಗೇಟು ಉಳಿದಿದೆ, ಗೇಟಿಗೊಬ್ಬ ಕಾವಲುಗಾರ,
ಅವನಿಗೊಂದು ರೇಡಿಯೋ.
ತಗಡಿನ ಚಾವಣಿಯಡಿ ಸಾಲು ಸಾಲು ಪೀಪಾಯಿ;
ಯಾರ ಸೊತ್ತೆಂದು ಕೋರ್ಟು ಇನ್ನೂ ಹೇಳಿಲ್ಲ.
ತುಕ್ಕು ತೀರ್ಪಿಗೆ ಕಾಯಲಿಲ್ಲ.

ಮೂರು ಸಲ ಹೆಸರು ಬದಲಿಸಿ, ಒಮ್ಮೆ ದಿವಾಳಿಯೆದ್ದು
ಕಂಪನಿ ಕೈ ತೊಳೆದುಕೊಂಡಿತು, ಅನ್ನುತ್ತಾರೆ.
ಸರಿ. ತೊಳೆದ ನೀರು?
ಅದು ಕಾಲುವೆಗೆ ಬಂತು,
ಕಾಲುವೆಯಿಂದ ಮೀನಿನ ಕೊಬ್ಬಿಗೆ,
ಕೆಸರಿಗೆ, ಕೆಸರಿನ ಹುಳಕ್ಕೆ,
ಹುಳ ಹೆಕ್ಕಿದ ಕುಂಟಿಯ ಹೊಟ್ಟೆಗೆ.

ಅಪ್ಪ ಅಲ್ಲಿ ಇಪ್ಪತ್ತೆರಡು ವರ್ಷ ಎಣ್ಣೆ ತುಂಬಿಸಿದ.
ಜೇನಿನ ಹಾಗಿತ್ತಂತೆ. ಬೆಂಕಿಗೆ ಉರಿಯದ್ದು,
ಹಳಸದ್ದು, ಕೊಳೆಯದ್ದು, ಎಷ್ಟು ಕಾಲವಾದರೂ ಕೆಡದ್ದು.
ಇಷ್ಟು ಒಳ್ಳೆಯ ಗುಣ,
ಮನುಷ್ಯನಾಗಿದ್ದರೆ ಕಣ್ಮುಚ್ಚಿ ಹೆಣ್ಣು ಕೊಡಬಹುದಿತ್ತು.
ಒಂದು ಡಬ್ಬಿ ಮನೆಗೂ ತಂದಿದ್ದ;
ಅಮ್ಮ ಬಣ್ಣಕ್ಕೆ ಬೆರೆಸಿ ಬೇಲಿಗೆ ಬಳಿದಳು,
ಉಳಿದದ್ದು ನನ್ನ ಮಂಚದ ಕಾಲಿಗೆ.

ಹೋದ ವರ್ಷ ಪ್ರಯೋಗಾಲಯದಲ್ಲಿ, ಸುಮ್ಮನೆ,
ನನ್ನ ರಕ್ತವನ್ನೂ ಮೊಟ್ಟೆಗಳ ಸಾಲಿಗೆ ಸೇರಿಸಿದೆ.
ಅಂಕಿ ನೋಡಿ ನಗು ಬಂತು:
ಪಾದ್ರಿಯ ಹೆಂಡತಿಗಿಂತ ಸ್ವಲ್ಪವೇ ಕಮ್ಮಿ.

'ತಿನ್ನಬೇಡಿ' ಎಂಬ ಬ್ರಾತಿಸ್ಲಾವಾದ ಕಾಗದವನ್ನು
ಮನೆಮನೆಗೆ ಹಂಚಿದವಳು ನಾನೇ.
ಯೋಲಾನಾ ಅದನ್ನು ತೋಳುದ್ದ ದೂರ ಹಿಡಿದು ಓದಿ
ಅಂದಿದ್ದಳು: 'ಕೆದಕಬೇಡಿ ಅಂತ
ಕೋಳಿಗಳಿಗೂ ಒಂದು ಬರೆದು ಕೊಡು.'

ಆರನ್ನೂ ಪತ್ರಿಕೆಯಲ್ಲಿ ಸುತ್ತಿ ಪೆಟ್ಟಿಗೆಗಿಟ್ಟೆ.
ಎರಡು ಇನ್ನೂ ಬೆಚ್ಚಗಿದ್ದವು.
ಅಷ್ಟರಲ್ಲಿ ತಟ್ಟೆ ಬಂತು, ಹುಳಿ ಚೆರ್ರಿಯ ಕೇಕು.
'ಅಂಗಡಿ ಮೊಟ್ಟೆ,' ಅಂದಳು, ನಾನು ಕೇಳುವ ಮೊದಲೇ.
ಚೆರ್ರಿಯ ಸುತ್ತ ಹಳದಿ ಗಾಢವಾಗಿತ್ತು,
ಹುಲ್ಲು ತುಳಿದ ಕೋಳಿಗೆ ಮಾತ್ರ ಬರುವ ಹಳದಿ.
ಅವಳು ನನ್ನ ಬಾಯನ್ನೇ ನೋಡುತ್ತಿದ್ದಳು.
ಗೇಟಿನ ಕಡೆಯಿಂದ ರೇಡಿಯೋ: ನಾಳೆ ಗಾಳಿ, ಪಶ್ಚಿಮದಿಂದ.

ಇನ್ನೊಂದು ತುಂಡು ಹಾಕಿಸಿಕೊಂಡೆ.