ಮೊಯ್ದು ಕಾಕನ ಚೀಟಿ

ಗೋಣಿಕೊಪ್ಪದ ಸಂತೆ ದಿನ
ನಾನು ಹೋಟೆಲು ಹೊಕ್ಕುವ ಮೊದಲೇ
ಉಪ್ಪಿನ ಡಬ್ಬಿಯಡಿ ಮೊಯ್ದು ಕಾಕನ ಚೀಟಿ:
'ನೂಲ್ಪುಟ್ಟು, ಬೆಲ್ಲದ ಕಾಪಿ.'
ಹನ್ನೊಂದು ವರ್ಷ. ತಪ್ಪಿದ್ದಿಲ್ಲ.

ಒಂದು ಸಲ ಹಟಕ್ಕೆ ಚಹಾ ಕೇಳಿದೆ.
ಚೀಟಿ ಬಿಚ್ಚಿದರೆ,
'ಇವತ್ತು ಹಟ. ಚಹಾ. ಅರ್ಧ ಬಿಡುತ್ತಾಳೆ.'

ಬಿಟ್ಟಿದ್ದೆ.

ಸಿಟ್ಟು ಬಂತು. ನನ್ನ ನಾಲಿಗೆಯ ಹಗ್ಗ
ಇವನ ಕೈಯಲ್ಲಿದೆಯೋ?
'ನಾನೆಲ್ಲಿ ಬರೆದೆ ಬೊಳ್ಳಮ್ಮ, ನೀನು ಬರೆಸಿದ್ದು'
ಎಂದ, ಎಣ್ಣೆಗೈ ಒರೆಸುತ್ತ.

ಅಮ್ಮತ್ತಿಯ ಬಸ್ಸಿನಲ್ಲಿ ಯೋಚಿಸಿದೆ:
ಹೂಮಳೆ ಬಿದ್ದ ಒಂಬತ್ತನೇ ದಿನ
ತೋಟ ಬೆಳ್ಳಗಾಗುವುದು ನನಗೆ ಗೊತ್ತು.
ಅರಳಿಸಿದ್ದು ನಾನಲ್ಲ.
ಆದರೆ ಕಾಫಿಗಿಡ
ಹಟಕ್ಕೆ ಚಹಾ ಕೇಳುವುದಿಲ್ಲವಲ್ಲ.

ಇವತ್ತಿನ ಚೀಟಿ
ಬಿಚ್ಚದೆ ಬ್ಯಾಗಿಗೆ ಹಾಕಿಕೊಂಡು ಬಂದೆ.
ಒಳಗೆ 'ಬಿಚ್ಚುವುದಿಲ್ಲ' ಅಂತಿದ್ದರೆ ಇರಲಿ.
ಬಿಚ್ಚದವಳು ನಾನೇ.